ಕಡಲೂರಿನಲ್ಲಿ ಕಿಟಕಿ ತೆರೆಯುವ ಹೊತ್ತು: ಗಾಳಿಯನ್ನು ಓದಲು ಕಲಿಯುವ ಬಗೆ

ನಾವು ಮಂಗಳೂರಿಗೆ ಮನೆ ಬದಲಿಸಿದಾಗ ಬೆಂಗಳೂರಿನ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: "ಕಡಲ ಪಕ್ಕ ಅಲ್ವಾ, ಒಳ್ಳೇ ಗಾಳಿ ಸಿಗುತ್ತೆ ಬಿಡಿ." ಅಮ್ಮನ ಉಬ್ಬಸಕ್ಕೆ ಇದಕ್ಕಿಂತ ಒಳ್ಳೆಯ ಊರಿಲ್ಲ ಎಂದು ನಾವೂ ನಂಬಿದ್ದೆವು. ಮಳೆಗಾಲ ಆ ನಂಬಿಕೆಯಲ್ಲೇ ಕಳೆಯಿತು. ಡಿಸೆಂಬರ್ ಬಂತು. ಅಮ್ಮ ಎಂದಿನಂತೆ ಬೆಳಗಿನ ಐದಕ್ಕೆದ್ದು ಎಲ್ಲ ಕಿಟಕಿ ತೆರೆದು ಕೂರುವರು. ಏಳಕ್ಕೆ ಕೆಮ್ಮು ಶುರು, ಎಂಟಕ್ಕೆ ಇನ್‌ಹೇಲರ್. ಮಧ್ಯಾಹ್ನ ಎರಡಕ್ಕೆ ಅದೇ ಅಮ್ಮ ಅದೇ ಕಿಟಕಿಯ ಬಳಿ ಆರಾಮಾಗಿ ಹೂ ಕಟ್ಟುತ್ತಿರುತ್ತಿದ್ದರು. ಮನೆಯೂ ಬದಲಾಗಿರಲಿಲ್ಲ, ಕಿಟಕಿಯೂ ಬದಲಾಗಿರಲಿಲ್ಲ. ಗಾಳಿ ಮಾತ್ರ ನಡುವೆ ಎಲ್ಲೋ ತಿರುಗಿತ್ತು.

ಆ ತಿರುಗುವಿಕೆಯನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ಚಳಿಗಾಲ ಬೇಕಾಯಿತು. ಕಡಲೂರಿನ ಗಾಳಿ ದಿನಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ, ವರ್ಷಕ್ಕೆ ಎರಡು ಸಲ ಮನೋಧರ್ಮವನ್ನೇ ಬದಲಿಸುತ್ತದೆ. ಅದರ ದಾರಿಯಲ್ಲಿ ನಾವು ಕಟ್ಟಡ, ರಸ್ತೆ, ಬಂದರು, ಕಸದ ರಾಶಿಗಳನ್ನು ಎಲ್ಲಿ ಇಟ್ಟಿದ್ದೇವೆ ಎಂಬುದರ ಮೇಲೆ ಯಾರ ಮನೆಗೆ ಯಾವ ಹೊತ್ತಿನಲ್ಲಿ ಏನು ಬರುತ್ತದೆ ಎಂಬುದು ನಿಂತಿದೆ. ಅದನ್ನು ನಿಮ್ಮ ಮನೆಯ ಮಟ್ಟಿಗೆ ಕಂಡುಕೊಳ್ಳುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಉದಾಹರಣೆಗಳು ಹೆಚ್ಚಾಗಿ ಮಂಗಳೂರಿನವು, ಕೆಲವು ಮುಂಬೈಯವು. ಉಡುಪಿ, ಕಾರವಾರ, ಕೊಚ್ಚಿ, ವಿಶಾಖಪಟ್ಟಣದವರಿಗೂ ವಿಧಾನ ಇದೇ. ಉಬ್ಬಸ, ಹೃದ್ರೋಗ ಇದ್ದವರು ಇದನ್ನು ಓದಿ ವೈದ್ಯರು ಕೊಟ್ಟ ಔಷಧ ನಿಲ್ಲಿಸಬಾರದು. ಇದು ಔಷಧದ ಜೊತೆಗೆ ಮಾಡಬೇಕಾದ ಕೆಲಸ.

ಮೊದಲ ಹೆಜ್ಜೆ: ಮನೆಯ ಸುತ್ತಿನ ನಕ್ಷೆ

ಒಂದು ಹಾಳೆಯ ನಡುವೆ ನಿಮ್ಮ ಮನೆಯನ್ನು ಗುರುತು ಮಾಡಿ, ನಾಲ್ಕು ದಿಕ್ಕು ಬರೆಯಿರಿ. ನಮ್ಮ ತುಳುವರು ಮಾತಿನಲ್ಲಿ ಎಡ ಬಲಕ್ಕಿಂತ ಮೂಡಾಯಿ, ಪಡ್ಡಾಯಿ, ಬಡಕಾಯಿ, ತೆನ್ಕಾಯಿ ಎಂದು ದಿಕ್ಕನ್ನೇ ಹೆಚ್ಚು ಬಳಸುತ್ತಾರೆ. ಗಾಳಿಯ ವಿಷಯದಲ್ಲಿ ಆ ಅಭ್ಯಾಸ ದೊಡ್ಡ ಆಸ್ತಿ.

ಮೊದಲು ಒಂದು ಕಿಲೋಮೀಟರಿನ ಒಳಗಿರುವುದನ್ನು ಗುರುತಿಸಿ: ದೊಡ್ಡ ರಸ್ತೆ, ಬಸ್ಸು ನಿಲ್ಲುವ ಜಾಗ, ಸೌದೆ ಒಲೆಯ ಬೇಕರಿ, ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರ್, ನಡೆಯುತ್ತಿರುವ ಕಟ್ಟಡ ಕೆಲಸ, ತರಗೆಲೆ ಸುಡುವ ಮೂಲೆ. ಆಮೇಲೆ ಹತ್ತು ಹದಿನೈದು ಕಿಲೋಮೀಟರಿನ ದೊಡ್ಡ ಸಂಗತಿಗಳು. ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತು ನೋಡಿದರೆ ಉತ್ತರಕ್ಕೆ ಕಡಲ ಅಂಚಿನಲ್ಲೇ ಪಣಂಬೂರಿನ ನವಮಂಗಳೂರು ಬಂದರು, ಅದಕ್ಕೆ ತಾಗಿ ಬೈಕಂಪಾಡಿ ಕೈಗಾರಿಕಾ ಪ್ರದೇಶ, ಅದರಾಚೆ ತೈಲ ಶುದ್ಧೀಕರಣ ಘಟಕ. ಈಶಾನ್ಯಕ್ಕೆ ಪಚ್ಚನಾಡಿಯ ಕಸದ ರಾಶಿ. ಉತ್ತರದಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66, ಬಿ.ಸಿ. ರೋಡ್ ಕಡೆಯಿಂದ ಬಂದು ನಂತೂರಿನಲ್ಲಿ ಅದನ್ನು ಕೂಡುವ ಹೆದ್ದಾರಿ 75.

ವಿಶಾಖಪಟ್ಟಣದವರಾದರೆ ಗುಡ್ಡಗಳನ್ನೂ ಬರೆದುಕೊಳ್ಳಲೇಬೇಕು. ಅಲ್ಲಿ ನಗರ, ಬಂದರು, ಕೈಗಾರಿಕೆ ಎಲ್ಲವೂ ಎರಡು ಗುಡ್ಡಸಾಲಿನ ನಡುವಣ ಬೋಗುಣಿಯಲ್ಲಿ ಕೂತಿವೆ. ಬೋಗುಣಿಯೊಳಗಿನ ಹೊಗೆಗೆ ಹೊರಹೋಗುವ ದಾರಿ ಕಡಿಮೆ.

ಎರಡನೆಯ ಹೆಜ್ಜೆ: ಗಾಳಿಯ ದಿನಚರಿ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕರಾವಳಿಯಲ್ಲಿ ಉಳಿದೆಲ್ಲವೂ ಇದರ ಮೇಲೇ ನಿಂತಿದೆ.

ನೆಲ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ನೀರು ಎರಡಕ್ಕೂ ನಿಧಾನ. ಹಗಲಲ್ಲಿ ಕಾದ ನೆಲದ ಮೇಲಿನ ಗಾಳಿ ಮೇಲೇರಿ, ಅದರ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ನೆಲ ತಣಿದಾಗ ಗಾಳಿ ತಿರುಗಿ ನೆಲದಿಂದ ಕಡಲಿಗೆ ಹರಿಯುತ್ತದೆ. ಎಂಜಿನ್ ಇಲ್ಲದ ಕಾಲದಲ್ಲಿ ಮೀನುಗಾರರ ಹಾಯಿದೋಣಿ ನಸುಕಿನ ನೆಲಗಾಳಿಗೆ ಹೊರಟು ಮಧ್ಯಾಹ್ನದ ಕಡಲಗಾಳಿಗೆ ಮರಳುತ್ತಿದ್ದುದು ಇದನ್ನೇ ನಂಬಿ.

ಈಗ ಮಳೆಯಿಲ್ಲದ ತಿಂಗಳುಗಳ ಒಂದು ದಿನವನ್ನು ತೆಗೆದುಕೊಳ್ಳೋಣ.

ನಡುರಾತ್ರಿಯಿಂದ ಬೆಳಗಿನ ಎಂಟರವರೆಗೆ ಮೂಡಣದ ನೆಲಗಾಳಿ. ಇದು ದುರ್ಬಲ, ಕಡಲಗಾಳಿಯಷ್ಟು ಜೋರು ಇರುವುದಿಲ್ಲ. ಮೇಲಾಗಿ, ತಣಿದ ನೆಲಕ್ಕೆ ತಾಗಿದ ಗಾಳಿ ತಂಪಾಗಿಯೂ ಅದರ ಮೇಲಿನ ಪದರ ಬೆಚ್ಚಗೂ ಇರುತ್ತದೆ. ಬೆಚ್ಚನೆಯ ಪದರ ಪಾತ್ರೆಯ ಮುಚ್ಚಳದಂತೆ ಕೂತುಬಿಡುತ್ತದೆ. ವಿಜ್ಞಾನಿಗಳು ಇದನ್ನು ಇನ್‌ವರ್ಷನ್ ಎನ್ನುತ್ತಾರೆ. ಕೆಳಗೆ ಹುಟ್ಟಿದ್ದು ಮೇಲೆ ಹೋಗದು. ಜನವರಿಯ ಬೆಳಿಗ್ಗೆ ಆರೂವರೆಗೆ ಯಾವುದಾದರೂ ದಿಬ್ಬದ ಮೇಲೆ ನಿಂತು ನೋಡಿ: ಬಚ್ಚಲು ಒಲೆಗೆ ಮಡಲು, ಗೆರಟೆ, ತೆಂಗಿನ ಸಿಪ್ಪೆ ಹಾಕಿ ನೀರು ಕಾಯಿಸಿದ ಹೊಗೆ ತೆಂಗಿನ ಮರಗಳ ತಲೆಯ ಮಟ್ಟದಲ್ಲಿ ಚಾಪೆ ಹಾಸಿದಂತೆ ನಿಂತಿರುತ್ತದೆ. ಅದನ್ನು ಮಂಜು ಎಂದುಕೊಂಡು ವಾಕಿಂಗ್ ಹೋಗುವವರು ಬಹಳ. ಅಮ್ಮ ಐದಕ್ಕೆ ಕಿಟಕಿ ತೆರೆದು ಒಳಗೆ ಕರೆಯುತ್ತಿದ್ದುದು ಈ ಚಾಪೆಯನ್ನೇ.

ಎಂಟೂವರೆಯಿಂದ ಹತ್ತೂವರೆ ಗಾಳಿ ದಿಕ್ಕು ಬದಲಿಸುವ ಹೊತ್ತು. ತೆಂಗಿನ ಗರಿ ಅಲುಗುವುದಿಲ್ಲ. ಶಾಲೆ, ಕಚೇರಿಯ ವಾಹನಗಳು ರಸ್ತೆಗಿಳಿಯುವುದೂ ಇದೇ ಹೊತ್ತು. ಬಿಸಿಲು ಏರಿ ಮುಚ್ಚಳ ಒಡೆಯತೊಡಗಿದಾಗ ರಾತ್ರಿ ಮೇಲಿನ ಪದರದಲ್ಲಿ ಸಿಕ್ಕಿಕೊಂಡಿದ್ದ ಹೊಗೆಯೂ ಕೆಳಗಿನದರ ಜೊತೆ ಕಲಸಿ ನೆಲಕ್ಕೆ ಇಳಿಯುತ್ತದೆ. ದಿನದ ಕೆಟ್ಟ ಹೊತ್ತು ಯಾವುದೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಬೆಳಗಿನ ಏಳರಿಂದ ಹತ್ತು.

ಹನ್ನೊಂದರ ಆಸುಪಾಸಿನಲ್ಲಿ ಪಡುವಣದಿಂದ ಕಡಲಗಾಳಿ ಬರುತ್ತದೆ. ಮಂಗಳೂರಿನಲ್ಲಿ ಅದು ಹೊತ್ತೇರಿದಂತೆ ವಾಯುವ್ಯಕ್ಕೆ ವಾಲುತ್ತದೆ. ಎರಡರಿಂದ ನಾಲ್ಕರವರೆಗೆ ಅದರ ಜೋರು. ಮನೆ ಮತ್ತು ಕಡಲಿನ ನಡುವೆ ಏನೂ ಇಲ್ಲದವರಿಗೆ ಇದು ದಿನದ ಅತ್ಯುತ್ತಮ ಗಾಳಿ. ನಡುವೆ ಏನೋ ಇದ್ದರೆ? ಆಗ ನಿಮಗೆ ಬರುವುದು ಕಡಲು ಮತ್ತು ಆ ಏನೋ ಎರಡೂ ಕೂಡಿದ ಗಾಳಿ. ಬಂದರು, ಕೈಗಾರಿಕಾ ಪ್ರದೇಶಗಳ ಪೂರ್ವಕ್ಕೂ ಆಗ್ನೇಯಕ್ಕೂ ಇರುವ ಬಡಾವಣೆಗಳಲ್ಲಿ ಇರುವವರು ಮಧ್ಯಾಹ್ನದ ಗಾಳಿಯನ್ನು ಕಣ್ಣು ಮುಚ್ಚಿ ನಂಬಬಾರದು ಎನ್ನುವುದು ಇದಕ್ಕೆ.

ಎತ್ತರದ ಚಿಮಣಿಯ ವಿಷಯದಲ್ಲಿ ಕರಾವಳಿಗೆ ಇನ್ನೊಂದು ವಿಶೇಷ ಇದೆ. ಕಡಲ ಮೇಲಿಂದ ಬರುವ ಗಾಳಿ ತಂಪು, ಅಲುಗಾಟವಿಲ್ಲದ್ದು. ಅದು ಕಾದ ನೆಲದ ಮೇಲೆ ಬಂದಾಗ ಅಡಿಯಿಂದ ಕುದಿಯತೊಡಗುತ್ತದೆ. ದಡದಲ್ಲಿ ಈ ಕುದಿಯುವ ಪದರ ತೆಳು. ಒಳನಾಡಿಗೆ ಹೋದಂತೆ ದಪ್ಪವಾಗುತ್ತದೆ. ದಡದ ಚಿಮಣಿಯಿಂದ ಹೊರಟ ಹೊಗೆ ಮೊದಲು ಶಾಂತ ಪದರದಲ್ಲಿ ಚದುರದೆ ನೇರವಾಗಿ ಸಾಗುತ್ತದೆ. ನೋಡಿದವರಿಗೆ ಮೇಲೇ ಹೋಯಿತೆಂಬ ಸಮಾಧಾನ. ಕೆಲವು ಕಿಲೋಮೀಟರ್ ಒಳಗೆ ಆ ಗೆರೆ ಕುದಿಯುವ ಪದರವನ್ನು ತಾಕಿದ್ದೇ ತಡ, ಸುಳಿಗೆ ಸಿಕ್ಕಿ ಒಮ್ಮೆಲೇ ನೆಲಕ್ಕಿಳಿಯುತ್ತದೆ. ಹಾಗಾಗಿ ಚಿಮಣಿಯ ಬುಡದಲ್ಲಿ ಇರುವವರಿಗಿಂತ ನಾಲ್ಕಾರು ಕಿಲೋಮೀಟರ್ ದೂರದವರಿಗೆ ವಾಸನೆ ಹೆಚ್ಚು ಬರುವುದುಂಟು. "ನಾವು ದೂರ ಇದ್ದೇವಲ್ಲ" ಎನ್ನುವ ಲೆಕ್ಕ ಕರಾವಳಿಯಲ್ಲಿ ಎಲ್ಲ ಸಲವೂ ನಡೆಯುವುದಿಲ್ಲ.

ಸಂಜೆ ಆರರಿಂದ ಎಂಟೂವರೆ ಮತ್ತೆ ಗಾಳಿ ನಿಲ್ಲುವ, ವಾಹನ ಹೆಚ್ಚುವ ಹೊತ್ತು. ರಾತ್ರಿ ಕಡಲಿಗೆ ಹೋದ ಹೊಗೆ ಅಲ್ಲೇ ಕರಗಿ ಹೋಯಿತೆಂದೂ ತಿಳಿಯಬೇಡಿ. ಗಾಳಿ ಮಂದವಾಗಿದ್ದ ದಿನ ಅದು ದಡದಿಂದ ಸ್ವಲ್ಪ ದೂರದಲ್ಲೇ ತಂಗಿ, ಮರುದಿನದ ಕಡಲಗಾಳಿಯ ಜೊತೆ ಊರಿಗೆ ಮರಳುತ್ತದೆ. ಮೂರು ನಾಲ್ಕು ದಿನ ಇದೇ ಆಟ ನಡೆದರೆ ಮಧ್ಯಾಹ್ನದ ಆಕಾಶವೂ ಮಾಸಲಾಗುತ್ತದೆ. ಕಡಲು, ಗುಡ್ಡ, ಮುಚ್ಚಳ ಮೂರೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಲಾಸ್ ಏಂಜಲೀಸ್ 1943ರಿಂದಲೇ ಸಾಕ್ಷಿ. ಅಲ್ಲಿ ದಿನವೂ ಕಡಲಗಾಳಿ ಬೀಸುತ್ತದೆ, ಆದರೂ ಅದರ ಹೊಂಜು, ಅಂದರೆ ಹೊಗೆ ಕೂಡಿದ ಮಬ್ಬು, ಲೋಕಪ್ರಸಿದ್ಧವಾಯಿತು.

ನೀವು ಮಾಡಬೇಕಾದದ್ದು: ಹದಿನೈದು ದಿನ, ದಿನಕ್ಕೆ ಮೂರು ಸಲ, ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಮೂರು, ರಾತ್ರಿ ಎಂಟಕ್ಕೆ ತಾರಸಿಯ ಮೇಲೆ ಒಂದು ಅಗರಬತ್ತಿ ಹಚ್ಚಿ ಹೊಗೆ ಯಾವ ಕಡೆಗೆ ವಾಲುತ್ತದೆ ಎಂದು ಬರೆದುಕೊಳ್ಳಿ. ಜೊತೆಗೆ ಮೂಗಿಗೆ ಬಂದ ವಾಸನೆ, ದೂರದ ಒಂದು ಗುರುತು (ನಮಗೆ ಅದು ಒಂದು ನೀರಿನ ಟ್ಯಾಂಕು) ಸ್ಪಷ್ಟವಾಗಿ ಕಂಡಿತೇ ಇಲ್ಲವೇ, ಮನೆಯಲ್ಲಿ ಯಾರು ಕೆಮ್ಮಿದರು. ಈ ಪುಸ್ತಕವನ್ನು ಮೊದಲ ಹೆಜ್ಜೆಯ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಮನೆಯ ತೊಂದರೆ ಯಾವ ದಿಕ್ಕಿನದು ಎಂದು ತಾನೇ ಕಾಣುತ್ತದೆ. ನಮ್ಮದು ಕೈಗಾರಿಕೆ ಇರಬೇಕು ಎಂದುಕೊಂಡಿದ್ದೆ. ಪುಸ್ತಕ ಹೇಳಿದ್ದು ಬೇರೆ: ಮೂಡಣದ ಬಚ್ಚಲು ಒಲೆಗಳು ಮತ್ತು ತರಗೆಲೆ.

ಮೂರನೆಯ ಹೆಜ್ಜೆ: ವರ್ಷದ ಪಂಚಾಂಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾವಿರಾರು ಕಿಲೋಮೀಟರ್ ಕಡಲ ಮೇಲೆ ಹಾದುಬಂದ ಗಾಳಿ, ಮೇಲೆ ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಪಾಲು ಈ ನಾಲ್ಕು ತಿಂಗಳಿನದು. ಮಳೆ ದೊಡ್ಡ ಧೂಳಿನ ಕಣಗಳನ್ನು ಚೆನ್ನಾಗಿ ತೊಳೆಯುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿ ಸಣ್ಣ ಕಣಗಳನ್ನು ಅಷ್ಟು ಚೆನ್ನಾಗಿ ತೊಳೆಯಲಾರದು. ಮಳೆಗಾಲ ಶುದ್ಧವಾಗಿರುವುದು ಮಳೆಯಿಂದ ಎಷ್ಟೋ, ಜೋರು ಪಡುಗಾಳಿಯಿಂದಲೂ ಅಷ್ಟೇ.

ಅಕ್ಟೋಬರ್ ಕೊನೆಗೆ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ. ಅಲ್ಲಿಂದ ಫೆಬ್ರವರಿವರೆಗೆ ನಮಗೆ ಬರುವುದು ಒಳನಾಡಿನ ಗಾಳಿ. 1999ರ ಜನವರಿಯಿಂದ ಮಾರ್ಚ್‌ವರೆಗೆ ನಡೆದ ಇಂಡೋಯೆಕ್ಸ್ ಎಂಬ ದೊಡ್ಡ ಅಧ್ಯಯನದಲ್ಲಿ ವಿ. ರಾಮನಾಥನ್ ಮತ್ತು ಪಾಲ್ ಕ್ರುಟ್ಜನ್ ಅವರ ತಂಡ, ಉಪಖಂಡದಿಂದ ಹೊರಟ ಕಂದು ಮಬ್ಬು ಅರಬ್ಬೀ ಸಮುದ್ರ ಮತ್ತು ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೆ ಹರಡಿರುವುದನ್ನು ದಾಖಲಿಸಿತು. ನಡುಗಡಲಿನ ಗಾಳಿಯೇ ಚಳಿಗಾಲದಲ್ಲಿ ಹಾಗಿದ್ದ ಮೇಲೆ ದಡದವರು ಕೇವಲ ಕಡಲನ್ನು ನೆಚ್ಚಿ ಕೂರುವಂತಿಲ್ಲ.

ಮುಂಬೈಯ 2022-23ರ ಚಳಿಗಾಲ ಇನ್ನೊಂದು ಪಾಠ. ನಮ್ಮ ಊರಿನ ಎಷ್ಟೋ ಮನೆಗಳ ಒಂದು ಕಾಲು ಮುಂಬೈಯಲ್ಲಿ ಇರುವುದರಿಂದ ಆ ವರ್ಷ ಫೋನಿನಲ್ಲಿ ಎಲ್ಲರ ಮಾತೂ ಕೆಮ್ಮಿನದೇ. ಕೆಲವು ದಿನ ಅಲ್ಲಿನ ಗಾಳಿ ದೆಹಲಿಯದಕ್ಕಿಂತ ಕೆಟ್ಟಿತ್ತು. ಚಳಿಗಾಲದಲ್ಲೂ ಮೂರು ನಾಲ್ಕು ದಿನಕ್ಕೊಮ್ಮೆ ಜೋರು ಕಡಲಗಾಳಿ ಬಂದು ಮುಂಬೈಯನ್ನು ಗುಡಿಸುವುದು ವಾಡಿಕೆ. ಸತತ ಮೂರನೇ ವರ್ಷದ ಲಾ ನಿನಾದಿಂದ (ಪೆಸಿಫಿಕ್ ಸಾಗರದ ನೀರು ತಣ್ಣಗಾಗಿ ಗಾಳಿಯ ಹರಿವು ಬದಲಾಗುವ ವಿದ್ಯಮಾನ) ಆ ತಿರುವು ತಡವಾಯಿತು ಎಂದು ಗುಫ್ರಾನ್ ಬೇಗ್ ಮೊದಲಾದ ವಿಜ್ಞಾನಿಗಳು ವಿವರಿಸಿದರು. ಹೊಗೆ, ಧೂಳು ಎಂದಿನಷ್ಟೇ ಇದ್ದರೂ ಗುಡಿಸುವ ಕೈ ತಡವಾದರೆ ಸಾಕು.

ಬೆಂಕಿ ಬಿದ್ದಾಗ ಈ ಪಂಚಾಂಗದ ಬೆಲೆ ತಿಳಿಯುತ್ತದೆ. ಚೆನ್ನೈಯಲ್ಲಿ 2018ರ ಜನವರಿ 13ರ ಭೋಗಿಯಂದು ನಸುಕಿನಲ್ಲಿ ಸುಟ್ಟ ಹಳೆ ಸಾಮಾನಿನ ಹೊಗೆ ಮಂಜಿನ ಜೊತೆ ಸೇರಿ ವಿಮಾನಗಳನ್ನೇ ತಡೆಯಿತು. ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿ 2023ರ ಮಾರ್ಚ್ 2ರಂದು ಹೊತ್ತಿಕೊಂಡು ಹನ್ನೆರಡು ದಿನ ಹೊಗೆಯಾಡಿತು. ಅದೇ ರಾಶಿ ಜುಲೈಯ ಮಳೆಯಲ್ಲಾದರೆ ಹಾಗೆ ಹೊತ್ತಿಕೊಳ್ಳುವುದು ಕಷ್ಟವಿತ್ತು. ನಮ್ಮ ಪಚ್ಚನಾಡಿಯಲ್ಲೂ ಬೇಸಗೆಯ ಬೆಂಕಿ ಬಿದ್ದದ್ದುಂಟು. ಅದು ಊರಿನ ಈಶಾನ್ಯಕ್ಕೆ ಇರುವುದರಿಂದ ನೆಲಗಾಳಿಯ ಹೊತ್ತಿನಲ್ಲಿ ಹೊಗೆಯ ದಾರಿ ನೇರ ಊರಿಗೆ. ಅಂಥ ಸುದ್ದಿ ಬಂದ ದಿನ ಹಗಲು ಏನೂ ಇಲ್ಲವೆಂದು ಸುಮ್ಮನಾಗದೆ ರಾತ್ರಿ ಮಲಗುವ ಮುನ್ನ ಮೂಡಣ ಕಿಟಕಿಗಳನ್ನು ಮುಚ್ಚಿ.

ನಾಲ್ಕನೆಯ ಹೆಜ್ಜೆ: ಫೋನಿನ ಅಂಕಿಯನ್ನು ಓದುವುದು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಕಾಣುವ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ, ಅದರಾಚೆ ಕಳಪೆ. ಇಲ್ಲಿ ನಾಲ್ಕು ಎಚ್ಚರ ಬೇಕು.

ಒಂದು, ಆ ಸಂಖ್ಯೆ ಕಣಗಳ ಮಟ್ಟಿಗೆ 24 ಗಂಟೆಗಳ ಸರಾಸರಿ. ಬೆಳಗಿನ ಹೊಗೆಯೂ ಮಧ್ಯಾಹ್ನದ ಕಡಲಗಾಳಿಯೂ ಅದರಲ್ಲಿ ಕಲಸಿಹೋಗಿರುತ್ತವೆ. ಕರಾವಳಿಯಲ್ಲಿ ನಿಮಗೆ ಬೇಕಾದದ್ದು ಗಂಟೆಗಂಟೆಯ ಪಿಎಂ 2.5, ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವ ಆ ಅತಿ ಸಣ್ಣ ಕಣಗಳ ಅಳತೆ. ಎರಡು, ಮಾಪನ ಕೇಂದ್ರ ಎಲ್ಲಿದೆ ಎಂದು ನೋಡಿ. ಮಂಗಳೂರಿನ ನಿರಂತರ ಮಾಪನ ಕೇಂದ್ರ ಕದ್ರಿಯಲ್ಲಿದೆ. ಗುಡ್ಡದ ಮೇಲಿನ ಆ ಸಂಖ್ಯೆ ಕುಳೂರಿನ ಹೆದ್ದಾರಿ ಬದಿಯ ಮನೆಗೆ ಹೊಂದಬೇಕೆಂದಿಲ್ಲ. ಮೂರು, ಖಾಸಗಿ ಆ್ಯಪ್‌ಗಳಲ್ಲಿ ಹಲವು ಅಮೆರಿಕದ ಅಳತೆ ಬಳಸುತ್ತವೆ. ಪಿಎಂ 2.5 ಘನಮೀಟರಿಗೆ 60 ಮೈಕ್ರೊಗ್ರಾಂ ಇದ್ದರೆ ನಮ್ಮ ಅಳತೆಯಲ್ಲಿ 100, ಅಂದರೆ ತೃಪ್ತಿಕರ. ಅವರ ಅಳತೆಯಲ್ಲಿ 150 ದಾಟಿ ಅನಾರೋಗ್ಯಕರ. ಎರಡನ್ನೂ ಬೆರೆಸಿ ಗಾಬರಿ ಬೀಳಬೇಡಿ. ಆದರೆ ತೃಪ್ತಿಕರ ಎಂಬ ಪದದಲ್ಲೂ ಮೈಮರೆಯಬೇಡಿ: ದಿನದ ಸರಾಸರಿಗೆ ನಮ್ಮ ರಾಷ್ಟ್ರೀಯ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಉಬ್ಬಸದವರು, ಪುಟ್ಟ ಮಕ್ಕಳು ಇರುವ ಮನೆಗೆ ನಾನು ಆರಿಸಿಕೊಳ್ಳುವುದು ಕಟ್ಟುನಿಟ್ಟಾದ ಮಿತಿಯನ್ನೇ.

ನಾಲ್ಕನೆಯದು ಮನೆಗೆ ಅಗ್ಗದ ಮಾಪಕ ತಂದವರಿಗೆ. ಇವು ಬೆಳಕು ಚೆದುರುವುದನ್ನು ಅಳೆದು ಕಣ ಎಣಿಸುತ್ತವೆ. ನಮ್ಮ ತೇವದ ಗಾಳಿಯಲ್ಲಿ ಉಪ್ಪು, ಸಲ್ಫೇಟ್ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ. ಮಾಪಕ ಇಲ್ಲದ ಮಾಲಿನ್ಯ ತೋರಿಸುತ್ತದೆ. ತೇವಾಂಶ ಶೇ. 80 ದಾಟಿದಾಗಿನ ಓದನ್ನು ಅರ್ಧ ಮನಸ್ಸಿನಿಂದ ನೋಡಿ. ಒಂದು ಉಪಯುಕ್ತ ಗುಟ್ಟು: ಅದಕ್ಕಿಂತ ದಪ್ಪ ಕಣಗಳೂ ಸೇರಿದ ಪಿಎಂ 10 ಮಾತ್ರ ಏರಿ ಪಿಎಂ 2.5 ಹಾಗೇ ಇದ್ದರೆ ಅದು ರಸ್ತೆ, ಕಟ್ಟಡದ ಧೂಳು ಅಥವಾ ಕಡಲ ಉಪ್ಪು. ಪಿಎಂ 2.5 ಜಿಗಿದರೆ ಎಲ್ಲೋ ಏನೋ ಉರಿಯುತ್ತಿದೆ.

ಐದನೆಯ ಹೆಜ್ಜೆ: ಬೆಳೆಯುವ ಊರನ್ನು ಗಮನಿಸುವುದು

ಹವಾಮಾನ ನಮ್ಮ ಕೈಯಲ್ಲಿಲ್ಲ. ಊರು ಇದೆ. ಅದಕ್ಕೇ ಈ ಭಾಗದ ಬಗ್ಗೆ ನನಗೆ ಸಿಟ್ಟೂ ಇದೆ, ಆಸೆಯೂ ಇದೆ.

ಕರಾವಳಿಯ ಗುಡ್ಡಗಳು ಮುರಕಲ್ಲಿನವು. ಜೇಸಿಬಿ, ಹಿಟಾಚಿ ತಂದು ಗುಡ್ಡದ ಬದಿ ಕಡಿದು, ಆ ಮಣ್ಣನ್ನು ಟಿಪ್ಪರಿನಲ್ಲಿ ಸಾಗಿಸಿ ಗದ್ದೆಗೆ ತುಂಬಿ ಕಟ್ಟಡ ಎಬ್ಬಿಸುವುದು ನಮ್ಮಲ್ಲಿ ಊರು ಬೆಳೆಯುವ ಪರಿ. ಮಳೆಗಾಲದಲ್ಲಿ ಕಡಿದ ಗುಡ್ಡದ ಕೆಂಪುಮಣ್ಣು ಕೊಚ್ಚಿಬಂದು ರಸ್ತೆಯ ಅಂಚಿಗೆ ಕೂರುತ್ತದೆ. ಆಗ ಅದು ಕೆಸರು, ಯಾರಿಗೂ ಉಬ್ಬಸ ತರದು. ಅಕ್ಟೋಬರಿನ ಬಿಸಿಲಿಗೆ ಒಣಗಿ, ಚಕ್ರದಡಿ ನುರಿದು ಹಿಟ್ಟಾಗುತ್ತದೆ. ಅದೇ ತಿಂಗಳು ಗಾಳಿಯೂ ಮಂದವಾಗುತ್ತದೆ. ಜೂನಿನಲ್ಲಿ ಬಿಟ್ಟ ಮಣ್ಣನ್ನು ನವೆಂಬರಿನಲ್ಲಿ ಉಸಿರಾಡುತ್ತೇವೆ. ಆದ್ದರಿಂದ ನಿಮ್ಮ ವಾರ್ಡಿನಲ್ಲಿ ವರ್ಷಕ್ಕೆ ಒಂದೇ ಒಂದು ಬೇಡಿಕೆ ಇಡಬಹುದು ಎಂದಾದರೆ, ಸೆಪ್ಟೆಂಬರ್ ಕೊನೆಗೆ ರಸ್ತೆಯಂಚಿನ ಮಣ್ಣನ್ನು ಒಣಗುವ ಮೊದಲೇ ತೆಗೆಸಿ ಎಂದು ಕೇಳಿ. ಒಣಗಿದ ಮೇಲೆ ಗುಡಿಸಿದರೆ ಅದು ಇನ್ನೊಬ್ಬರ ಮನೆಗೆ ಏಳುತ್ತದೆ.

ಎತ್ತರದ ಕಟ್ಟಡಗಳದು ಬೇರೆ ಕತೆ. ಕಾದ ಕಾಂಕ್ರೀಟು ಕಡಲಗಾಳಿಯನ್ನು ಎಳೆಯುತ್ತದೆ ನಿಜ, ಆದರೆ ದಡಕ್ಕೆ ಸಮಾನಾಂತರವಾಗಿ ಸಾಲುಗಟ್ಟಿದ ಗೋಪುರಗಳು ಅದರ ಕಾಲು ಕಟ್ಟುತ್ತವೆ. ಗಾಳಿ ತಲೆಯ ಮೇಲೆ ಹಾದುಹೋಗುತ್ತದೆ, ಹಿಂದಿನ ಬೀದಿ ಬೇಯುತ್ತದೆ. ಹಾಂಗ್‌ಕಾಂಗ್ ಇದನ್ನು ನೋಡಿ ನೋಡಿ ಸಾಕಾಗಿ 2006ರಲ್ಲಿ ದೊಡ್ಡ ಯೋಜನೆಗಳಿಗೆ ಗಾಳಿ ಹರಿವಿನ ಪರಿಶೀಲನೆಯ ಪದ್ಧತಿ ತಂದಿತು. ಬಾವುಟಗುಡ್ಡೆಯಿಂದ ಲೇಡಿಹಿಲ್‌ವರೆಗೆ ಗೋಪುರಗಳು ಏಳುತ್ತಿರುವ ನಮ್ಮ ಊರಿಗೂ ಅಂಥದ್ದು ಬೇಕು.

ಇಕ್ಕಟ್ಟು ರಸ್ತೆಯ ಎರಡೂ ಬದಿ ಎತ್ತರದ ಕಟ್ಟಡ ಇದ್ದಾಗ ಗಾಳಿ ಒಳಗೆ ಇಳಿದು ಸುಳಿ ಸುತ್ತುತ್ತದೆ. ಆ ಸುಳಿ ಹೊಗೆಯನ್ನು ಗಾಳಿ ಬರುವ ಬದಿಯ ಕಟ್ಟಡದ ಬುಡಕ್ಕೇ ತಂದು ಒತ್ತುತ್ತದೆ. ಪಡುಗಾಳಿ ಬೀಸುವ ಮಧ್ಯಾಹ್ನ ಉತ್ತರ-ದಕ್ಷಿಣದ ರಸ್ತೆಯಲ್ಲಿ ನಡೆಯುವಾಗ ಮೂಡಣ ಬದಿಯ ಫುಟ್‌ಪಾತ್ ಹಿಡಿಯಿರಿ. ಪಡುವಣ ಬದಿಯಲ್ಲಿ ಹೊಗೆ ಹೆಚ್ಚು.

ಒಳ್ಳೆಯ ಬದಲಾವಣೆಗಳೂ ಇವೆ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ. 3.5ರಿಂದ 0.5ಕ್ಕೆ ಇಳಿಯಿತು. ಅದೇ ವರ್ಷ ಏಪ್ರಿಲ್ 1ರಿಂದ ದೇಶದಲ್ಲಿ ಹೊಗೆಯ ಮಿತಿ ಬಿಗಿಗೊಳಿಸಿದ ಬಿಎಸ್ 6 ವಾಹನಗಳು ಬಂದವು. ಬಂದರಿನ ಊರಿಗೆ ಎರಡೂ ದೊಡ್ಡ ಸಂಗತಿ. ಆದರೆ ಟೈರು ಎಬ್ಬಿಸುವ ಧೂಳಿಗೆ ಬಿಎಸ್ 6 ಇಲ್ಲ.

ಆರನೆಯ ಹೆಜ್ಜೆ: ಮನೆಯೊಳಗಿನ ವೇಳಾಪಟ್ಟಿ

ನಮ್ಮ ಮನೆಯಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ನಡೆಯುವುದು ಹೀಗೆ. ರಾತ್ರಿ ಮಲಗುವಾಗ ಮೂಡಣ ಕಿಟಕಿ ಮುಚ್ಚಿ, ಪಡುವಣದ್ದು ಸ್ವಲ್ಪ ತೆರೆದಿರುತ್ತದೆ. ಬೆಳಿಗ್ಗೆ ಹತ್ತೂವರೆವರೆಗೆ ಹೊಸದಾಗಿ ಏನನ್ನೂ ತೆರೆಯುವುದಿಲ್ಲ. ತೆಂಗಿನ ಗರಿ ಅಲುಗತೊಡಗಿದ ಮೇಲೆ ಎಲ್ಲವನ್ನೂ ತೆರೆದು ಐದೂವರೆವರೆಗೆ ಮನೆ ತೊಳೆಸಿಕೊಂಡ ಹಾಗೆ ಗಾಳಿ ಆಡಿಸುತ್ತೇವೆ. ಅಮ್ಮನ ನಡಿಗೆ ಬೆಳಗಿನಿಂದ ಸಂಜೆ ನಾಲ್ಕೂವರೆಗೆ ಬದಲಾಗಿದೆ. ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಅರವತ್ತು ವರ್ಷದ ಅಭ್ಯಾಸ ಅದು. ಕೈಗಾರಿಕಾ ಪ್ರದೇಶದ ಪೂರ್ವಕ್ಕೆ ಇರುವವರಿಗೆ ಈ ಪಟ್ಟಿ ಹೊಂದುವುದಿಲ್ಲ, ನಿಮ್ಮ ಹದಿನೈದು ದಿನದ ಪುಸ್ತಕ ಹೇಳಿದಂತೆ ಮಾಡಿಕೊಳ್ಳಿ.

ಕಿಟಕಿ ಮುಚ್ಚಿದಾಗ ಒಳಗೆ ಹೊಗೆ ಮಾಡಬಾರದು. ಸೊಳ್ಳೆ ಕಾಯಿಲ್, ಸಾಂಬ್ರಾಣಿ, ಒಗ್ಗರಣೆಯ ಹೊಗೆ ಹೊರಗಿನದಕ್ಕಿಂತ ಕೆಟ್ಟದಾಗಬಲ್ಲವು. ಸೊಳ್ಳೆಗೆ ಪರದೆ ಕಟ್ಟಿ. ಗಾಳಿ ಶುದ್ಧಗೊಳಿಸುವ ಯಂತ್ರ ಒಂದು ಮಲಗುವ ಕೋಣೆಗೆ, ಕಾಯಿಲೆಯವರಿದ್ದರೆ, ಸರಿ. ಇಡೀ ಮನೆ ಮುಚ್ಚಿ ಯಂತ್ರ ಹಾಕಿದರೆ ನಮ್ಮ ತೇವಕ್ಕೆ ಗೋಡೆಯೆಲ್ಲ ಬೂಷ್ಟು ಹಿಡಿದು ಅದೇ ಉಬ್ಬಸ ತರುತ್ತದೆ. ರಸ್ತೆ ಕೆಲಸದ ಪಕ್ಕ ಸ್ಕೂಟರಿನಲ್ಲಿ ಹೋಗುವವರು ಎನ್95 ಮಾಸ್ಕ್ ಹಾಕಿ. ಅದು ಕಣ ತಡೆಯುತ್ತದೆ, ಅನಿಲ ತಡೆಯದು.

ಏಳನೆಯ ಹೆಜ್ಜೆ: ದೂರು ಕೊಡುವುದು

ನಮ್ಮ ಪಕ್ಕದ ಜಾಗದಲ್ಲಿ ಕಟ್ಟಡ ಏಳುವಾಗ ಕಲ್ಲು ಕೊರೆಯುವ ಬಿಳಿ ಧೂಳು ಮೂರು ವಾರ ಮನೆ ತುಂಬಿತು. ಬಾಯಿಮಾತಿನ ಜಗಳ ಏನೂ ಕೊಡಲಿಲ್ಲ. ಏಳು ದಿನದ ದಿನಾಂಕ, ಹೊತ್ತು, ಗಾಳಿಯ ದಿಕ್ಕು, ಫೋಟೊ ಬರೆದ ಎರಡು ಪುಟ ಕೊಟ್ಟ ಮೇಲೆ ನಾಲ್ಕೇ ದಿನದಲ್ಲಿ ಹಸಿರು ಬಲೆ ಬಂತು, ಕೊರೆಯುವಾಗ ನೀರು ಬಿಡತೊಡಗಿದರು. ಗಾಳಿಯ ದಿಕ್ಕು ಬರೆದದ್ದೇ ಮುಖ್ಯವಾಯಿತು, ಏಕೆಂದರೆ ಧೂಳು ಬೇರೆ ಕಡೆಯದು ಎಂದು ಹೇಳಲು ಅವರಿಗೆ ದಾರಿ ಉಳಿಯಲಿಲ್ಲ.

ಏನು ಕೇಳಬೇಕು ಎಂಬುದಕ್ಕೆ ಕೇಂದ್ರ ಪರಿಸರ ಸಚಿವಾಲಯದ 2018ರ ಜನವರಿಯ ಧೂಳು ನಿಯಂತ್ರಣ ಅಧಿಸೂಚನೆಯನ್ನು ಮಾದರಿ ಇಟ್ಟುಕೊಳ್ಳಿ: ಮರಳು, ಮಣ್ಣು ಮುಚ್ಚಿಡುವುದು, ನೀರು ಸಿಂಪಡಿಸುವುದು, ಬಯಲಲ್ಲಿ ಕಲ್ಲು ಕೊರೆಯದಿರುವುದು, ಕೈಗೊಂಡ ಕ್ರಮಗಳನ್ನು ಜನರಿಗೆ ಕಾಣುವಂತೆ ಫಲಕದಲ್ಲಿ ಬರೆಯುವುದು. ಮುಂಬೈ ಮಹಾನಗರ ಪಾಲಿಕೆ 2023ರ ಅಕ್ಟೋಬರಿನಲ್ಲಿ 70 ಮೀಟರಿಗಿಂತ ಎತ್ತರದ ಕಟ್ಟಡಗಳ ಸುತ್ತ 35 ಅಡಿ ಎತ್ತರದ ತಗಡಿನ ಮರೆ ಕಡ್ಡಾಯ ಮಾಡಿತು. ಅಲ್ಲಿ ಸಾಧ್ಯವಾದದ್ದು ಇಲ್ಲೂ ಸಾಧ್ಯ.

ಧೂಳು, ಕಸ ಸುಡುವುದಕ್ಕೆ ಪಾಲಿಕೆಯನ್ನು, ಕೈಗಾರಿಕೆಯ ವಾಸನೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ಹಿಡಿಯಿರಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿ ಸುಟ್ಟರೆ 25,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ. ನೆರೆಮನೆಯ ಅಜ್ಜಿ ತರಗೆಲೆ ಸುಟ್ಟಾಗ ಮಾತ್ರ ದಂಡದ ಮಾತು ಎತ್ತಬೇಡಿ. ಹತ್ತು ಗಂಟೆಯ ಬಳಿಕ ಸುಡಿ ಎಂದೂ ಹೇಳಬೇಡಿ. ತೆಂಗಿನ ಬುಡಕ್ಕೆ ಮುಚ್ಚಿಗೆ ಹಾಕಲು ನೀವೇ ನಾಲ್ಕು ದಿನ ಕೈಜೋಡಿಸಿ. ನಮ್ಮ ಓಣಿಯಲ್ಲಿ ಹಾಗೆ ಎರಡು ಹೊಗೆ ನಿಂತಿವೆ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ, ಮಂಗಳೂರು ಇಲ್ಲ. ಆದ್ದರಿಂದ ನಮ್ಮ ದಾಖಲೆ ನಾವೇ ಇಟ್ಟುಕೊಳ್ಳಬೇಕು. ದೊಡ್ಡ ಕೈಗಾರಿಕೆ, ಬಂದರು ವಿಸ್ತರಣೆಗೆ ಪರಿಸರ ಪರಿಣಾಮದ ಪರಿಶೀಲನೆ ಕುರಿತ 2006ರ ಅಧಿಸೂಚನೆಯಂತೆ ನಡೆಯುವ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಹೋಗಿ, ಒಂದೇ ಪ್ರಶ್ನೆ ಕೇಳಿದರೂ ಸಾಕು: ಜನವರಿಯ ಬೆಳಗಿನ ಗಾಳಿಗೂ ಮಧ್ಯಾಹ್ನದ ಕಡಲಗಾಳಿಗೂ ಲೆಕ್ಕ ಬೇರೆ ಬೇರೆ ಮಾಡಿದ್ದೀರಾ, ಅಥವಾ ವರ್ಷದ ಸರಾಸರಿ ಮಾತ್ರವೇ?

ಫ್ಲಾಟ್ ಕೊಳ್ಳುವ ಮುನ್ನ

ಕೊಳ್ಳಲು ಹೊರಟವರು ಬ್ರೋಕರ್ ಕರೆದ ಮಧ್ಯಾಹ್ನ ಮೂರಕ್ಕೆ ಮಾತ್ರ ನೋಡಿ ಬರಬೇಡಿ. ಅದು ಕಡಲಗಾಳಿಯ ಹೊತ್ತು, ಎಲ್ಲ ಫ್ಲಾಟೂ ಚಂದ. ಡಿಸೆಂಬರ್ ಅಥವಾ ಜನವರಿಯಲ್ಲಿ ಬೆಳಿಗ್ಗೆ ಆರೂವರೆಗೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ ಹೋಗಿ ಬಾಲ್ಕನಿಯಲ್ಲಿ ಹತ್ತು ನಿಮಿಷ ನಿಲ್ಲಿ. ಕಂಬಿಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒರೆಸಿ: ಕೆಂಪು ಬಂದರೆ ಮಣ್ಣು, ಕಪ್ಪು ಬಂದರೆ ಹೊಗೆ ಅಥವಾ ಕಲ್ಲಿದ್ದಲು. ಪಡುವಣಕ್ಕೆ ಖಾಲಿ ಜಾಗ ಇದ್ದರೆ ಅಲ್ಲಿ ಎಷ್ಟು ಮಹಡಿಗೆ ಅನುಮತಿ ಇದೆ ಎಂದು ವಿಚಾರಿಸಿ. ಅಡ್ಡ ಗಾಳಿ ಆಡುವಂತೆ ಎರಡು ದಿಕ್ಕಿಗೆ ಕಿಟಕಿ ಇರುವ, ಹೆದ್ದಾರಿಯಿಂದ ಒಂದೆರಡು ಓಣಿ ಒಳಗಿರುವ ಹಳೆಯ ಮೂರು ಮಹಡಿಯ ಮನೆ, ಹೆದ್ದಾರಿಗೆ ಮುಖ ಮಾಡಿದ ಹೊಸ ಗೋಪುರದ ನಾಲ್ಕನೆಯ ಮಹಡಿಗಿಂತ ಉಸಿರಿಗೆ ಒಳ್ಳೆಯದು. ನಾವು ಕೊನೆಗೆ ಹಿಡಿದದ್ದೂ ಅಂಥದ್ದೇ, ಲಿಫ್ಟ್ ಇಲ್ಲದ ಮೊದಲ ಮಹಡಿಯ ಮನೆ. ಅಮ್ಮ ಮೆಟ್ಟಿಲು ಹತ್ತುತ್ತಾರೆ.